ಗಿಣ್ಣುಹಾಲು, ಒಳಲೆ ಮತ್ತು ಆಸ್ಪತ್ರೆಯ ಮೊದಲ ಗಂಟೆ

ಆಗಸ್ಟ್ ತಿಂಗಳ ಮೊದಲ ವಾರ ಬಂತೆಂದರೆ ನಮ್ಮ ಶಾಲೆಯ ಗೋಡೆಗೆ ಒಂದು ಭಿತ್ತಿಪತ್ರ ಬರುತ್ತದೆ. ವಿಶ್ವ ಸ್ತನ್ಯಪಾನ ಸಪ್ತಾಹದ್ದು. ಪತ್ರ ತಮಿಳಿನಲ್ಲಿರುತ್ತದೆ. ನಾವು ಅದನ್ನು ಕನ್ನಡಕ್ಕೆ ತಂದು, ಒಂದು ಬಿಳಿ ಹಾಳೆಯಲ್ಲಿ ಬರೆದು ಪಕ್ಕದಲ್ಲಿ ಅಂಟಿಸುತ್ತೇವೆ. ಗಡಿಯಾಚೆಯ ಕನ್ನಡ ಶಾಲೆಯ ಮೇಷ್ಟ್ರುಗಳಿಗೆ ಇದು ಮಾಮೂಲಿ ಕೆಲಸ. ಪೋಲಿಯೊ ಹನಿ, ಡೆಂಗಿ, ಮತದಾರರ ಪಟ್ಟಿ, ಎಲ್ಲಕ್ಕೂ ಹೀಗೆಯೇ.

ಒಮ್ಮೆ ಹಾಗೆ ಅಂಟಿಸುತ್ತಿದ್ದಾಗ ಎಂಟನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಸರ್, ನಮ್ಮ ಹಸು ಕರು ಹಾಕಿದಾಗ ಯಾರೂ ಪಾಠ ಹೇಳಲಿಲ್ಲ. ಕರು ತಾನೇ ಎದ್ದು ಹೋಗಿ ಕುಡಿಯಿತು. ಆಸ್ಪತ್ರೆಯಲ್ಲಿ ಡಾಕ್ಟರು, ನರ್ಸು ಎಲ್ಲ ಇರುತ್ತಾರಲ್ಲ, ಅಲ್ಲಿ ಮಗುವಿಗೆ ಹಾಲು ಕೊಡಿ ಅಂತ ಬೋರ್ಡು ಯಾಕೆ ಹಾಕಬೇಕು?"

ಪ್ರಶ್ನೆ ಚಿಕ್ಕದು. ಉತ್ತರ ನಮ್ಮ ಬಳಿ ಇರಲಿಲ್ಲ. "ನಾಳೆ ಹೇಳುತ್ತೇವೆ" ಎಂದು ಜಾರಿಕೊಂಡೆವು. (ಮೇಷ್ಟ್ರುಗಳಿಗೆ ಗೊತ್ತಿರುವ ಹಳೆಯ ಉಪಾಯ!) ಆ ನಾಳೆ ಬರಲು ಬಹಳ ದಿನ ಹಿಡಿಯಿತು. ಅದು ಬಂದದ್ದು ಎಡಪ್ಪಾಡಿಯಲ್ಲಿ.

ಎಡಪ್ಪಾಡಿ ಸೇಲಂ ಜಿಲ್ಲೆಯ ಊರು. ಸರಬಂಗಾ ನದಿಯ ದಡದಲ್ಲಿದೆ. ಊರೊಳಗೆ ಕಾಲಿಟ್ಟರೆ ಮೊದಲು ಕೇಳುವುದು ಪವರ್‌ಲೂಮಿನ ಸದ್ದು. ಈ ಭಾಗದ ನೇಕಾರರಲ್ಲಿ ಮನೆಯೊಳಗೆ ಕನ್ನಡ ಆಡುವ ದೇವಾಂಗ ಕುಟುಂಬಗಳಿವೆ. ಓದು ಬರಹ ತಮಿಳು, ಮಗ್ಗದ ಲೆಕ್ಕ ತಮಿಳು, ಜೋಗುಳ ಮಾತ್ರ ಕನ್ನಡ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಾರಾಮಹಲ್ ಸೀಮೆ ಟಿಪ್ಪುವಿನ ಕೈತಪ್ಪಿ ಕಂಪನಿಯ ಪಾಲಾಯಿತು ಎಂದು ನಾವು ಪಾಠ ಮಾಡುತ್ತೇವಲ್ಲ, ಈ ಸೇಲಂ ಧರ್ಮಪುರಿ ಕಡೆಯ ಕಥೆಯೇ ಅದು. ಗಡಿ ಸರಿಯಿತು, ಮಾತು ಉಳಿಯಿತು.

ಸಹೋದ್ಯೋಗಿಯೊಬ್ಬರ ಬಂಧುಗಳ ಮನೆಯ ನಾಮಕರಣಕ್ಕೆಂದು ಅಲ್ಲಿಗೆ ಹೋಗಿದ್ದೆವು. ಊಟವಾದ ಮೇಲೆ ಆ ಮನೆಯ ಅಜ್ಜಿ ದೇವರ ಗೂಡಿನಿಂದ ಒಂದು ಪುಟ್ಟ ಬೆಳ್ಳಿಯ ಒಳಲೆಯನ್ನು ತೆಗೆದು ತೋರಿಸಿದರು. ನಾಲ್ಕು ತಲೆಮಾರಿನದಂತೆ. ತಮಿಳಿನಲ್ಲಿ ಇದಕ್ಕೆ ಪಾಲಾಡೈ ಎನ್ನುತ್ತಾರೆ, ಸಂಗು ಎನ್ನುವವರೂ ಉಂಟು. "ಹಿಂದೆಲ್ಲ ಮಗು ಹುಟ್ಟಿದ ಮೂರು ದಿನ ಏನು ಕೊಡುತ್ತಿದ್ದಿರಿ ಅಜ್ಜಿ?" ಎಂದು ಕೇಳಿದೆವು. ಅಜ್ಜಿ ಲೆಕ್ಕ ಹೇಳಿದರು. ಮೊದಲು ಮನೆಯ ಹಿರಿಯರೊಬ್ಬರು ನಾಲಿಗೆಗೆ ಸಕ್ಕರೆನೀರು ಮುಟ್ಟಿಸಬೇಕು. ಅದಕ್ಕೆ ಸೇನೈ ಎಂದು ಹೆಸರು. ಯಾರು ಮುಟ್ಟಿಸುತ್ತಾರೋ ಅವರ ಗುಣ ಮಗುವಿಗೆ ಬರುತ್ತದೆ ಎಂಬ ನಂಬಿಕೆ. ಆಮೇಲೆ ಕತ್ತೆ ಮೇಯಿಸುವವನು ಬೀದಿಗೆ ಬಂದರೆ ಒಂದು ಒಳಲೆ ಕತ್ತೆಹಾಲು. ಬಜೆ ತೇದು ನೆಕ್ಕಿಸುವುದು. ತಾಯಿಯ ಹಾಲು ಮೂರನೆಯ ದಿನದ ಮೇಲೆ.

"ಮತ್ತೆ ಮೊದಲ ಹಾಲು?"

"ಅದು ಹಳದಿ ಹಾಲು, ಕೀವಿನ ಹಾಗೆ ಇರುತ್ತದೆ, ಹಿಂಡಿ ಗೋಡೆಗೆ ಚೆಲ್ಲುತ್ತಿದ್ದೆವು" ಎಂದರು ಅಜ್ಜಿ. ಏಳು ಹೆತ್ತವರು. ಎರಡು ಉಳಿಯಲಿಲ್ಲ. ಅದನ್ನೂ ಅದೇ ದನಿಯಲ್ಲಿ ಹೇಳಿದರು.

ನಮಗೆ ಥಟ್ಟನೆ ನೆನಪಾದದ್ದು ಗಿಣ್ಣು. ಹಸು ಕರು ಹಾಕಿದರೆ ಮೊದಲ ಹಾಲನ್ನು ನಾವು ಬಿಡುತ್ತೇವೆಯೇ? ಬೆಲ್ಲ ಏಲಕ್ಕಿ ಹಾಕಿ ಗಿಣ್ಣು ಕಾಯಿಸಿ ಅಕ್ಕಪಕ್ಕದ ಮನೆಗೆಲ್ಲ ಹಂಚುತ್ತೇವೆ. ತಮಿಳರೂ ಹಾಗೆಯೇ, ಅವರಿಗದು ಸೀಂಪಾಲ್. ಹಸುವಿನ ಗಿಣ್ಣು ಅಮೃತ, ಹೆತ್ತ ತಾಯಿಯ ಗಿಣ್ಣು ಕೀವು! ಆ ದಪ್ಪ ಹಳದಿ ಹಾಲಿನಲ್ಲಿ ರೋಗ ತಡೆಯುವ ಅಂಶಗಳು ತುಂಬಿರುತ್ತವೆ. ಅದರ ಅಳತೆ ತೀರ ಕಡಿಮೆ, ಒಂದು ಹೊತ್ತಿಗೆ ಒಂದೆರಡು ಚಮಚವೂ ಆಗದು. ಹುಟ್ಟಿದ ಮಗುವಿನ ಹೊಟ್ಟೆಗೂ ಅಷ್ಟೇ ಜಾಗ. ಇದು ಗೊತ್ತಿಲ್ಲದಿದ್ದರೆ ಯಾವ ತಾಯಿಯಾದರೂ ಹೇಳುವ ಮಾತು ಒಂದೇ: "ಹಾಲು ಬಂದಿಲ್ಲ."

ಓದುಗರು ಈ ಎರಡು ಪದಗಳನ್ನು ನೆನಪಿನಲ್ಲಿಡಬೇಕು. ಮುಂದಿನ ನೂರು ವರ್ಷದ ಕಥೆಯೆಲ್ಲ ಇದರ ಸುತ್ತಲೇ ಇದೆ.

ಹಾಗಾದರೆ ಮನೆಯ ಹೆರಿಗೆ ಹೋಗಿ ಆಸ್ಪತ್ರೆಯ ಹೆರಿಗೆ ಬಂದಾಗ ಎಲ್ಲ ಸರಿಯಾಯಿತೇ? ಆಗಲಿಲ್ಲ. ಆಸ್ಪತ್ರೆ ತಾಯಂದಿರ ಪ್ರಾಣ ಉಳಿಸಿತು, ಅದರಲ್ಲಿ ಎರಡು ಮಾತಿಲ್ಲ. ನೆತ್ತರು ಹೋಗಿ ಸಾಯುತ್ತಿದ್ದವರು, ನಂಜಾಗಿ ಸಾಯುತ್ತಿದ್ದವರು ಬದುಕಿದರು. ಆದರೆ ಹಾಲಿನ ವಿಷಯದಲ್ಲಿ ಆಸ್ಪತ್ರೆ ಬೇರೊಂದು ತಪ್ಪು ಮಾಡಿತು. ಮಗುವನ್ನು ತಾಯಿಯ ಪಕ್ಕದಿಂದ ಎತ್ತಿ ಬೇರೆ ಕೋಣೆಯಲ್ಲಿ ಮಲಗಿಸಿತು. ಸೋಂಕು ತಗಲಬಾರದು ಎಂಬ ಒಳ್ಳೆಯ ಉದ್ದೇಶದಿಂದಲೇ ಶುರುವಾದದ್ದು ಇದು. ನ್ಯೂಜಿಲೆಂಡಿನ ಡಾಕ್ಟರ್ ಟ್ರೂಬಿ ಕಿಂಗ್ ಎಂಬವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಾಲ್ಕು ಗಂಟೆಗೊಮ್ಮೆ ಮಾತ್ರ ಹಾಲು ಎಂಬ ಗಡಿಯಾರದ ಶಿಸ್ತನ್ನು ಜನಪ್ರಿಯಗೊಳಿಸಿದರು. ಆ ಶಿಸ್ತು ಇಂಗ್ಲಿಷ್ ಪುಸ್ತಕಗಳ ಜೊತೆ ದೇಶದೇಶಗಳಿಗೆ ಹೋಯಿತು. ಎದೆಹಾಲಿನ ಲೆಕ್ಕ ಗಡಿಯಾರಕ್ಕೆ ಸಿಗುವುದಿಲ್ಲ. ಮಗು ಚೀಪಿದಷ್ಟೂ ತಾಯಿಯ ಮೆದುಳಿಗೆ ಸುದ್ದಿ ಹೋಗುತ್ತದೆ, ಸುದ್ದಿ ಹೋದಷ್ಟೂ ಹಾಲು ಊರುತ್ತದೆ. ಚೀಪಲು ಮಗುವೇ ಪಕ್ಕದಲ್ಲಿಲ್ಲದಿದ್ದರೆ? ಮೂರನೆಯ ದಿನ ತಾಯಿ ಹೇಳುತ್ತಾಳೆ, "ಹಾಲು ಬಂದಿಲ್ಲ." ಆ ಮಾತು ಕೇಳಿಸಿಕೊಳ್ಳಲು ಡಬ್ಬಿಯೊಂದು ಕಾದು ಕುಳಿತಿರುತ್ತದೆ.

ಡಬ್ಬಿಯ ಕಥೆಯಲ್ಲಿ ನಮ್ಮ ಮೈಸೂರಿಗೂ ಒಂದು ಪಾಲಿದೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮಕ್ಕಳ ಪುಡಿಹಾಲು ವಿದೇಶದಿಂದಲೇ ಬರುತ್ತಿತ್ತು. ಎಮ್ಮೆಯ ಹಾಲು ಮಕ್ಕಳಿಗೆ ಜೀರ್ಣವಾಗದು, ಅದರಿಂದ ಶಿಶು ಆಹಾರ ಮಾಡಲಾಗದು ಎಂದು ಅಲ್ಲಿಯ ಪಂಡಿತರು ಹೇಳುತ್ತಿದ್ದರು. ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದವರು ಎಮ್ಮೆ ಹಾಲಿನಿಂದಲೇ ಅದನ್ನು ಮಾಡಿ ತೋರಿಸಿದರು. ಆ ವಿಧಾನದಲ್ಲಿ ಗುಜರಾತಿನ ಅಮುಲ್ ಶಿಶು ಆಹಾರ ತಯಾರಿಸಿ ಮಾರುಕಟ್ಟೆಗೆ ತಂದಿತು. ವಿಜ್ಞಾನದ ದೃಷ್ಟಿಯಿಂದ ಅದು ಹೆಮ್ಮೆಯ ಕೆಲಸವೇ. ತಾಯಿ ಇಲ್ಲದ ಕೂಸಿಗೆ ಏನಾದರೂ ಬೇಕಲ್ಲ. ಆದರೆ ತಾಯಿ ಇಲ್ಲದ ಮಗುವಿಗೆಂದು ಹುಟ್ಟಿದ ಪುಡಿ ತಾಯಿ ಇರುವ ಮಗುವಿನ ಬಾಯಿಗೂ ಹೋಯಿತು. ಡಬ್ಬಿಯ ಮೇಲೆ ಗುಂಡುಗುಂಡಾದ ಮಗುವಿನ ಚಿತ್ರ. ಆ ಕಾಲದವರು ದುಂಡಗಿನ ಮಗುವನ್ನು ಕಂಡರೆ "ಗ್ಲಾಕ್ಸೋ ಬೇಬಿ" ಎನ್ನುತ್ತಿದ್ದರು, ಆಮೇಲೆ "ಅಮುಲ್ ಬೇಬಿ" ಆಯಿತು. ನಮ್ಮ ಮನೆಗಳಲ್ಲಿಯೂ ಅಂದಿದ್ದಾರೆ! (ಮೈಸೂರಿನ ದೊಡ್ಡ ಹೆರಿಗೆ ಆಸ್ಪತ್ರೆಯ ಹೆಸರೂ ಚೆಲುವಾಂಬ ಆಸ್ಪತ್ರೆಯೇ. ಪುಡಿಹಾಲು ಹುಟ್ಟಿದ ಮನೆಗೂ ಮಕ್ಕಳು ಹುಟ್ಟುವ ಮನೆಗೂ ಒಂದೇ ಹೆಸರು.)

ಹಳ್ಳಿಯ ಮನೆಯಲ್ಲಿ ಆ ಪುಡಿಯ ಗತಿ ಏನಾಗುತ್ತದೆ ಎಂದು ವಿವರಿಸಬೇಕಿಲ್ಲ. ಹತ್ತು ದಿನದ ಡಬ್ಬಿಯನ್ನು ತಿಂಗಳು ಎಳೆಯುತ್ತಾರೆ. ನೀರು ಜಾಸ್ತಿ, ಪುಡಿ ಕಡಿಮೆ. ಆ ನೀರನ್ನು ಕುದಿಸಿರುವುದಿಲ್ಲ. ಬಾಟ್ಲಿಯ ರಬ್ಬರಿನ ಮೇಲೆ ನೊಣ. ಆಮೇಲೆ ಭೇದಿ. ಈ ಸಾವುಗಳನ್ನು ಕಣ್ಣಾರೆ ಕಂಡ ಡಾಕ್ಟರ್ ಸಿಸಿಲಿ ವಿಲಿಯಮ್ಸ್ 1939ರಲ್ಲಿಯೇ ಸಿಂಗಪುರದ ರೋಟರಿ ಕ್ಲಬ್ಬಿನಲ್ಲಿ ನಿಂತು ಇದನ್ನು ಕೊಲೆ ಎಂದೇ ಕರೆದಿದ್ದರು. ಲೋಕ ಕೇಳಿಸಿಕೊಳ್ಳಲು ನಲವತ್ತು ವರ್ಷ ಬೇಕಾಯಿತು. 1981ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಪುಡಿಹಾಲಿನ ಜಾಹೀರಾತಿಗೆ ಕಡಿವಾಣ ಹಾಕುವ ಸಂಹಿತೆಯನ್ನು ಅಂಗೀಕರಿಸಿತು. ಪರ 118 ಮತ. ವಿರುದ್ಧ ಒಂದೇ ಒಂದು ಮತ, ಅಮೆರಿಕದ್ದು. ಭಾರತ 1992ರಲ್ಲಿ ಕಾಯಿದೆ ಮಾಡಿತು, 2003ರಲ್ಲಿ ಅದನ್ನು ಬಿಗಿ ಮಾಡಿತು. ಡಬ್ಬಿಯ ಮೇಲಿನ ಗುಂಡು ಮಗು ಮಾಯವಾದದ್ದು ಈ ಕಾಯಿದೆಯಿಂದ. ಶಿಶು ಆಹಾರದ ಜಾಹೀರಾತು ನಿಂತಿತು. ಆಸ್ಪತ್ರೆಯಲ್ಲಿ ಉಚಿತ ಡಬ್ಬಿ ಹಂಚುವುದು, ವೈದ್ಯರಿಗೆ ಉಡುಗೊರೆ ಕೊಡುವುದು ಅಪರಾಧವಾಯಿತು. ಔಷಧಿ ಅಂಗಡಿಗೆ ಹೋದರೆ ಮಕ್ಕಳು ಡಬ್ಬಿಯ ಮೇಲೆ ತಾಯಿಯ ಹಾಲೇ ಶ್ರೇಷ್ಠ ಎಂಬ ಅರ್ಥದ ಸಾಲನ್ನು ಹುಡುಕಿ ನೋಡಬಹುದು. ಅದನ್ನು ಅಚ್ಚು ಹಾಕಲೇಬೇಕು.

ಆದರೆ ಕಾಯಿದೆ ಡಬ್ಬಿಯನ್ನು ದೂರ ಇಡಬಲ್ಲದು, ಮಗುವನ್ನು ತಾಯಿಯ ಎದೆಗೆ ತಂದು ಇಡಲಾರದು. ಅದು ಆಸ್ಪತ್ರೆಯ ಒಳಗೆ ಆಗಬೇಕಾದ ಕೆಲಸ.

ಇಲ್ಲಿ ಇಬ್ಬರು ಹೆಂಗಸರನ್ನು ನೆನೆಯಬೇಕು. ಒಬ್ಬರು ಫಿಲಿಪ್ಪೀನ್ಸಿನ ಬಗಿಯೊ ಎಂಬ ಗುಡ್ಡದ ಊರಿನ ಸರಕಾರಿ ಆಸ್ಪತ್ರೆಯ ಡಾಕ್ಟರ್ ನತಿವಿದಾದ್ ಕ್ಲವಾನೊ. 1970ರ ದಶಕದ ನಡುವೆ ಅವರು ತಮ್ಮ ಆಸ್ಪತ್ರೆಯ ಶಿಶುಕೋಣೆಯ ಬಾಗಿಲನ್ನೇ ಮುಚ್ಚಿಸಿದರು. ಬಾಟ್ಲಿ ಹೋಯಿತು, ಕಂಪನಿಯ ಚಿತ್ರಗಳು ಗೋಡೆಯಿಂದ ಇಳಿದವು, ಮಕ್ಕಳು ತಾಯಂದಿರ ಹಾಸಿಗೆಗೆ ಬಂದರು. ಮೊದಲೂ ಆಮೇಲೂ ಸೇರಿ ಸುಮಾರು 10 ಸಾವಿರ ಶಿಶುಗಳ ದಾಖಲೆಯನ್ನು ಇಟ್ಟುಕೊಂಡು ನೋಡಿದಾಗ ರೋಗವೂ ಸಾವೂ ಎದ್ದು ಕಾಣುವಷ್ಟು ಇಳಿದಿದ್ದವು. ಹೊಸ ಯಂತ್ರ ಬಂದಿರಲಿಲ್ಲ, ಹೊಸ ಔಷಧಿ ಬಂದಿರಲಿಲ್ಲ.

ಇನ್ನೊಬ್ಬರು ಮುಂಬಯಿಯ ಸಯನ್ ಆಸ್ಪತ್ರೆಯ ಡಾಕ್ಟರ್ ಆರ್ಮಿಡಾ ಫರ್ನಾಂಡಿಸ್. ಧಾರಾವಿಯ ಬಡ ತಾಯಂದಿರು ಬರುವ ಆಸ್ಪತ್ರೆ ಅದು. ನರ್ಸುಗಳು ಕಡಿಮೆ, ಮಕ್ಕಳು ಹೆಚ್ಚು, ಸೋಂಕು ಇನ್ನೂ ಹೆಚ್ಚು. ನರ್ಸುಗಳು ಸಾಲದಿದ್ದರೆ ತಾಯಂದಿರು ಇದ್ದಾರಲ್ಲ ಎಂದರು ಅವರು. ತಾಯಂದಿರನ್ನೇ ಶಿಶು ವಾರ್ಡಿನ ಒಳಗೆ ಕರೆತಂದು ಮಗುವಿನ ಆರೈಕೆಯನ್ನು ಅವರ ಕೈಗೆ ಕೊಟ್ಟರು. ಪುಡಿಹಾಲು ನಿಲ್ಲಿಸಿದರು. ಚೀಪಲಾರದ ಮಕ್ಕಳಿಗೆ ಹಾಲನ್ನು ಹಿಂಡಿ ಕೊಡಿಸಿದರು. ತಾಯಿಯ ಹಾಲೇ ಸಿಗದ ಮಕ್ಕಳಿಗೆ? ಬೇರೆ ತಾಯಂದಿರ ಹಾಲು. 1989ರ ನವೆಂಬರ್ 27ರಂದು ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕು ಅಲ್ಲಿ ಶುರುವಾಯಿತು.

ಬ್ಯಾಂಕು ಎಂದರೆ ಮಕ್ಕಳಿಗೆ ನಗು ಬರುತ್ತದೆ. ಕೆಲಸ ಮಾತ್ರ ಬಹಳ ಶಿಸ್ತಿನದು. ತನ್ನ ಮಗುವಿಗೆ ಕುಡಿಸಿ ಮಿಕ್ಕ ಹಾಲನ್ನು ತಾಯಿ ಮನಸ್ಸಿದ್ದರೆ ಕೊಡುತ್ತಾಳೆ, ಹಣ ಪಡೆಯುವುದಿಲ್ಲ. ಮೊದಲು ಆಕೆಯ ರಕ್ತಪರೀಕ್ಷೆ ಆಗಬೇಕು: ಎಚ್‌ಐವಿ, ಕಾಮಾಲೆ, ಸಿಫಿಲಿಸ್ ಇಲ್ಲವೆಂದು ಖಾತ್ರಿಯಾಗಬೇಕು. ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 30 ನಿಮಿಷ ಇಟ್ಟು, ಬೇಗನೆ ತಣಿಸಿ, ಕ್ರಿಮಿ ಇದೆಯೇ ಎಂದು ನೋಡಿ, ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ ಹೆಪ್ಪುಗಟ್ಟಿಸಿ ಇಡುತ್ತಾರೆ. ಕುದಿಸಿದರೆ ಹಾಲಿನ ಗುಣ ಹೋಗುತ್ತದೆ, ಬಿಸಿ ಸಾಲದಿದ್ದರೆ ಕ್ರಿಮಿ ಉಳಿಯುತ್ತದೆ. ಇಂತಹ ಮೊದಲ ಬ್ಯಾಂಕು 1909ರಲ್ಲಿ ವಿಯೆನ್ನಾದಲ್ಲಿ ಶುರುವಾಗಿತ್ತು. ಅದಕ್ಕೂ ಮೊದಲು? ಹಾಲು ಕೊಡುವ ದಾದಿ ಇದ್ದಳು. ನಮ್ಮ ದಾದಿ ಎಂಬ ಮಾತಿನ ಹಿಂದಿರುವುದೂ ಹಾಲೂಡಿಸುವ ಧಾತ್ರಿಯೇ. ಆಮೇಲೆ ಅದು ಸೂಜಿ ಚುಚ್ಚುವ ನರ್ಸಿಗೆ ಹೆಸರಾಯಿತು. ಭಾಷೆ ಮರೆಯದಿದ್ದುದನ್ನು ಆಸ್ಪತ್ರೆ ಮರೆತಿತ್ತು ಎನ್ನಬಹುದು.

ತೂಕ ಕಡಿಮೆಯ ಮಗುವಿಗೆ ತಾಯಿಹಾಲೇ ಏಕೆ ಬೇಕು ಎಂಬುದಕ್ಕೆ ನಮ್ಮ ದೇಶದಲ್ಲೇ ಪುರಾವೆ ಸಿಕ್ಕಿತು. ದೆಹಲಿಯಲ್ಲಿ ಡಾಕ್ಟರ್ ಇಂದಿರಾ ನಾರಾಯಣನ್ ಮತ್ತು ಸಂಗಡಿಗರು 1980ರ ದಶಕದ ಮೊದಲ ವರ್ಷಗಳಲ್ಲಿ ಪ್ರಕಟಿಸಿದ ಅಧ್ಯಯನಗಳು ಹಿಂಡಿದ ತಾಯಿಹಾಲು ಕುಡಿದ ಕಡಿಮೆ ತೂಕದ ಶಿಶುಗಳಲ್ಲಿ ಸೋಂಕು ಕಡಿಮೆ ಎಂದು ತೋರಿಸಿದವು. ಅವಧಿಗೆ ಮೊದಲೇ ಹುಟ್ಟಿದ ಮಗುವಿನ ಕರುಳು ತೀರ ಎಳೆಯದು. ಪುಡಿಹಾಲು ಬಿದ್ದರೆ ಆ ಕರುಳು ಕೊಳೆಯುವ ಭಯಂಕರ ಕಾಯಿಲೆ ಬರುವ ಸಂಭವ ಹೆಚ್ಚು.

ಇನ್ನು ಸೇಲಂ ಧರ್ಮಪುರಿಗೆ ಬರೋಣ. ಈ ಎರಡು ಜಿಲ್ಲೆಗಳ ಹೆಸರು ಶಿಶುಗಳ ವಿಷಯದಲ್ಲಿ ಪತ್ರಿಕೆಗೆ ಬಂದಾಗಲೆಲ್ಲ ದುಃಖದ ಕಾರಣಕ್ಕೇ ಬಂದದ್ದು ಹೆಚ್ಚು. 1980ರ ದಶಕದ ಕೊನೆಯಿಂದ ಹೆಣ್ಣುಶಿಶು ಹತ್ಯೆಯ ಸುದ್ದಿಗಳು ಉಸಿಲಂಪಟ್ಟಿಯ ಜೊತೆ ಸೇಲಂ ಕಡೆಯಿಂದಲೂ ಬಂದವು. ಎಳೆಗೂಸಿಗೆ ಹಾಲಿನ ಬದಲು ಎರೆದದ್ದೇನೆಂದು ಇಲ್ಲಿ ಬರೆಯಲು ಕೈ ಬರುವುದಿಲ್ಲ. 1992ರಲ್ಲಿ ತಮಿಳುನಾಡು ಸರಕಾರ ತೊಟ್ಟಿಲು ಮಗು ಯೋಜನೆಯನ್ನು ಮೊದಲು ಆರಂಭಿಸಿದ್ದು ಸೇಲಂ ಜಿಲ್ಲೆಯಲ್ಲೇ. ಕೊಲ್ಲಬೇಡಿ, ಬೇಡವಾದರೆ ಈ ತೊಟ್ಟಿಲಲ್ಲಿ ಬಿಟ್ಟುಹೋಗಿ ಎಂಬ ಯೋಜನೆ. 2001ರಲ್ಲಿ ಧರ್ಮಪುರಿ ಸೇರಿ ಇನ್ನೂ ಕೆಲವು ಜಿಲ್ಲೆಗಳಿಗೆ ವಿಸ್ತರಿಸಿದರು. ತೊಟ್ಟಿಲು ಎಂಬ ಮಾತು ಎರಡೂ ಭಾಷೆಗೆ ಒಂದೇ. ಹೆಣ್ಣು ಬೇಡವೆನ್ನುವವರಿಗೆ ಸರಕಾರವೇ ದಾರಿ ಮಾಡಿಕೊಟ್ಟಂತಾಯಿತು ಎಂದು ಟೀಕಿಸಿದವರಿದ್ದಾರೆ. ಟೀಕೆಯಲ್ಲಿ ಹುರುಳಿದೆ. ಆದರೂ ತೊಟ್ಟಿಲಿಗೆ ಬಂದ ಮಗು ಬದುಕಿತಲ್ಲ ಎಂಬುದೇ ನಮಗೆ ದೊಡ್ಡದಾಗಿ ಕಾಣುತ್ತದೆ. ಆ ಮಗುವಿಗೆ ಎಲ್ಲ ಸಿಗಬಹುದಿತ್ತು, ತೊಟ್ಟಿಲು, ಬಟ್ಟೆ, ಚುಚ್ಚುಮದ್ದು. ಸಿಗದಿದ್ದುದು ಗಿಣ್ಣು.

2014ರ ನವೆಂಬರ್‌ನಲ್ಲಿ ಧರ್ಮಪುರಿಯ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಕೆಲವೇ ದಿನಗಳಲ್ಲಿ ಹತ್ತಕ್ಕೂ ಹೆಚ್ಚು ನವಜಾತ ಶಿಶುಗಳು ತೀರಿಕೊಂಡವು. ದೇಶವೆಲ್ಲ ಸುದ್ದಿಯಾಯಿತು. ಬಹುಪಾಲು ಮಕ್ಕಳ ತೂಕ ತೀರ ಕಡಿಮೆಯಿತ್ತು, ಹುಟ್ಟುವಾಗಲೇ ಉಸಿರಿನ ತೊಂದರೆಯಿತ್ತು ಎಂದು ಅಧಿಕಾರಿಗಳು ಕಾರಣ ಹೇಳಿದರು. ಎದೆಹಾಲು ಸಿಗದೆ ಸತ್ತವು ಎಂದು ನಾವು ಹೇಳುತ್ತಿಲ್ಲ, ಹಾಗೆ ಹೇಳಲು ಆಧಾರವಿಲ್ಲ. ಹೇಳಬೇಕಾದದ್ದು ಇಷ್ಟು: ಬೇಗ ಮದುವೆಯಾದ, ರಕ್ತಹೀನತೆಯ ತಾಯಿಯ ಹೊಟ್ಟೆಯಿಂದ ಒಂದು ಕಿಲೋ, ಒಂದೂವರೆ ಕಿಲೋ ತೂಗುವ ಮಗು ಬಂದಾಗ ಅದು ನೇರ ಎದೆಗೆ ಹೋಗುವುದಿಲ್ಲ, ಗಾಜಿನ ಪೆಟ್ಟಿಗೆಗೆ ಹೋಗುತ್ತದೆ. ತಾಯಿ ಒಂದು ವಾರ್ಡು, ಮಗು ಇನ್ನೊಂದು ವಾರ್ಡು. ಕೆಲವೊಮ್ಮೆ ತಾಯಿ ಎಡಪ್ಪಾಡಿಯ ಆಸ್ಪತ್ರೆಯಲ್ಲಿ, ಮಗು ಆಂಬುಲೆನ್ಸಿನಲ್ಲಿ ಸೇಲಂಗೆ. ಇಂತಹ ಮಗುವಿಗೇ ಗಿಣ್ಣು ಎಲ್ಲರಿಗಿಂತ ಹೆಚ್ಚು ಬೇಕು, ಇಂತಹ ಮಗುವಿಗೇ ಅದು ಎಲ್ಲರಿಗಿಂತ ಕಷ್ಟದಲ್ಲಿ ಸಿಗುವುದು.

34 ವಾರ ತುಂಬುವ ಮೊದಲೇ ಹುಟ್ಟಿದ ಮಗುವಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಜೊತೆಗೂಡಿಸಲು ಬರುವುದಿಲ್ಲ. ಮೊದಲು ಸಣ್ಣ ನಳಿಕೆಯಲ್ಲಿ ಹಾಲು. ಸ್ವಲ್ಪ ಬಲ ಬಂದ ಮೇಲೆ? ಇಲ್ಲೇ ನಮ್ಮ ಎಡಪ್ಪಾಡಿಯ ಅಜ್ಜಿಯ ದೇವರ ಗೂಡಿನ ಸಾಮಾನು ಮತ್ತೆ ಬರುತ್ತದೆ. ಆಸ್ಪತ್ರೆಗಳು ಬಾಟ್ಲಿಯನ್ನು ಆಚೆ ಹಾಕಿ ಕೈಗೆತ್ತಿಕೊಂಡದ್ದು ಒಳಲೆಯನ್ನು! ಬಾಟ್ಲಿಯ ರಬ್ಬರನ್ನು ಚೀಪಿ ರೂಢಿಯಾದ ಮಗು ಎದೆಯನ್ನು ಚೀಪಲು ತಡಕಾಡುತ್ತದೆ, ಆ ರಬ್ಬರನ್ನು ತೊಳೆಯುವುದೂ ಕಷ್ಟ. ಒಳಲೆಯನ್ನು ತಿಕ್ಕಿ ತೊಳೆದು ಕುದಿಯುವ ನೀರಿಗೆ ಹಾಕಿದರೆ ಮುಗಿಯಿತು. 1999ರಲ್ಲಿ ಪ್ರಕಟವಾದ ಒಂದು ಭಾರತೀಯ ಅಧ್ಯಯನದಲ್ಲಿ ಬಾಟ್ಲಿ, ಲೋಟ, ಪಾಲಾಡೈ ಮೂರನ್ನೂ ಹೋಲಿಸಿದರು. ಪಾಲಾಡೈಯಲ್ಲಿ ಮಕ್ಕಳು ಕಡಿಮೆ ಹೊತ್ತಿನಲ್ಲಿ ಹೆಚ್ಚು ಹಾಲು ಕುಡಿದವು, ಅಳು ಕಡಿಮೆ. ಈಗ ವೈದ್ಯರ ಪುಸ್ತಕಗಳಲ್ಲಿ ಪಾಲಾಡೈ ಎಂಬ ತಮಿಳು ಪದವೇ ಅಚ್ಚಾಗಿದೆ. ನಮ್ಮ ಒಳಲೆ ಆ ಭಾಗ್ಯ ಪಡೆಯಲಿಲ್ಲ. ಇರಲಿ, ಹೊಟ್ಟೆಕಿಚ್ಚು ಬೇಡ, ವಸ್ತು ಒಂದೇ.

ಅಜ್ಜಿಯ ಪದ್ಧತಿಯಲ್ಲಿ ಪಾತ್ರೆ ಸರಿಯಿತ್ತು, ಒಳಗೆ ಹಾಕಿದ್ದು ತಪ್ಪಾಗಿತ್ತು. ಆಸ್ಪತ್ರೆಯ ಹಳೆಯ ಪದ್ಧತಿಯಲ್ಲಿ ಎರಡೂ ತಪ್ಪಾಗಿದ್ದವು. ಇದನ್ನು ಹೇಳಿದಾಗ ಅಜ್ಜಿ ಬಹಳ ಹೊತ್ತು ನಕ್ಕರು.

ಆಸ್ಪತ್ರೆಗಳು ತಿದ್ದಿಕೊಳ್ಳಲು ಒಂದು ಅಂತರರಾಷ್ಟ್ರೀಯ ಏರ್ಪಾಟೂ ಬಂತು. 1989ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಹತ್ತು ಸೂತ್ರಗಳನ್ನು ಹೊರಡಿಸಿದವು. 1991ರಲ್ಲಿ ಅವನ್ನು ಪಾಲಿಸುವ ಆಸ್ಪತ್ರೆಗೆ ಶಿಶುಸ್ನೇಹಿ ಎಂಬ ಬಿರುದು ಕೊಡುವ ಕಾರ್ಯಕ್ರಮ ಶುರುವಾಯಿತು. ಸಿಬ್ಬಂದಿಗೆ ತರಬೇತಿ ಕೊಡಿ, ಹುಟ್ಟಿದ ಕೂಡಲೇ ಎದೆಗೆ ಕೊಡಿ, ತಾಯಿ ಮಗುವನ್ನು ಅಗಲಿಸಬೇಡಿ, ಕೇಳಿದಾಗೆಲ್ಲ ಹಾಲು ಕೊಡಿ, ಬೇರೇನೂ ಕೊಡಬೇಡಿ... ಇಂತಹವೇ. ಭಾರತದಲ್ಲಿ ಸಾವಿರಕ್ಕೂ ಹೆಚ್ಚು ಆಸ್ಪತ್ರೆಗಳು ಆ ಫಲಕ ಪಡೆದವು. ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳ ಬಂಧುಗಳಿಗೆ ಗೊತ್ತಿರಬಹುದು, 2002ರಲ್ಲಿ ಕೇರಳವನ್ನು ಶಿಶುಸ್ನೇಹಿ ರಾಜ್ಯವೆಂದು ಘೋಷಿಸಲಾಯಿತು. ಆದರೆ ದೇಶದ ಮಟ್ಟದಲ್ಲಿ ಆ ಉತ್ಸಾಹ 1990ರ ದಶಕ ಮುಗಿಯುವ ಹೊತ್ತಿಗೇ ತಣ್ಣಗಾಯಿತು. ಫಲಕ ಗೋಡೆಯಲ್ಲಿ ಉಳಿಯಿತು, ತರಬೇತಾದ ನರ್ಸು ವರ್ಗವಾಗಿ ಹೋದಳು. ಶಾಲೆಗಳಲ್ಲಿ ಹೊಸ ಯೋಜನೆಗಳ ಗತಿಯನ್ನು ಕಂಡಿರುವ ನಮಗೆ ಇದು ಹೊಸದಲ್ಲ.

ತಮಿಳುನಾಡು ಮತ್ತೆ ಕೈಹಾಕಿದ್ದು ಸುಮಾರು ಹತ್ತು ವರ್ಷಗಳ ಹಿಂದೆ. 2014ರಲ್ಲಿ ಚೆನ್ನೈ ಎಗ್ಮೋರಿನ ಸರಕಾರಿ ಮಕ್ಕಳ ಆಸ್ಪತ್ರೆಯಲ್ಲಿ ತಾಯಿಹಾಲಿನ ಬ್ಯಾಂಕು. 2015ರಲ್ಲಿ ಅದನ್ನು ಇನ್ನಷ್ಟು ಸರಕಾರಿ ಆಸ್ಪತ್ರೆಗಳಿಗೆ ಹಬ್ಬಿಸಿದರು, ಅವುಗಳಲ್ಲಿ ಸೇಲಂನ ಸರಕಾರಿ ಮೋಹನ್ ಕುಮಾರಮಂಗಲಂ ವೈದ್ಯಕೀಯ ಕಾಲೇಜು ಆಸ್ಪತ್ರೆಯೂ ಒಂದು. ತೊಟ್ಟಿಲು ಯೋಜನೆ ಹುಟ್ಟಿದ ಜಿಲ್ಲೆಗೆ 23 ವರ್ಷದ ಮೇಲೆ ಹಾಲೂ ಬಂತು. ಅದೇ 2015ರ ಆಗಸ್ಟ್‌ನಲ್ಲಿ ರಾಜ್ಯದ ಬಸ್ ನಿಲ್ದಾಣಗಳಲ್ಲಿ ತಾಯಂದಿರು ಹಾಲೂಡಿಸುವ ಕೋಣೆಗಳನ್ನು ತೆರೆದರು. ಕೆಲವು ಈಗಲೂ ಚೆನ್ನಾಗಿವೆ, ಕೆಲವಕ್ಕೆ ಬೀಗ ಬಿದ್ದುದನ್ನು ನಾವೇ ಕಂಡಿದ್ದೇವೆ. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಗೆ ಅಮೃತಧಾರೆ ಎಂಬ ಹೆಸರಿನ ಹಾಲಿನ ಬ್ಯಾಂಕು ಬಂದದ್ದು 2022ರಲ್ಲಿ. ಈ ವಿಷಯದಲ್ಲಿ ಕರ್ನಾಟಕಕ್ಕಿಂತ ತಮಿಳುನಾಡು ಮುಂದಿತ್ತು ಎಂದು ಒಪ್ಪಿಕೊಳ್ಳಲು ನಮಗೇನೂ ಸಂಕೋಚವಿಲ್ಲ.

ಈಗ ಹುಡುಗಿಯ ಪ್ರಶ್ನೆಗೆ ಅಂಕಿ ಅಂಶದಲ್ಲಿ ಉತ್ತರ. ಎಂಟನೇ ತರಗತಿಯವರು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಬಹುದು. 1992-93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕುಡಿದ ಮಕ್ಕಳು ಭಾರತದಲ್ಲಿ ನೂರಕ್ಕೆ ಹತ್ತೂ ಇರಲಿಲ್ಲ. 2015-16ಕ್ಕೆ ಅದು 41.6 ಆಯಿತು. ಒಳ್ಳೆಯ ಏರಿಕೆ. ಆದರೆ 2019-21ರಲ್ಲಿ ಎಷ್ಟು? 41.8. ಅದೇ ಅವಧಿಯಲ್ಲಿ ಆಸ್ಪತ್ರೆಯ ಹೆರಿಗೆ ನೂರಕ್ಕೆ 78.9ರಿಂದ 88.6ಕ್ಕೆ ಏರಿತ್ತು. ಅಂದರೆ ಇನ್ನೂ ಹೆಚ್ಚು ತಾಯಂದಿರು ಆಸ್ಪತ್ರೆಗೆ ಹೋದರು, ಮೊದಲ ಗಂಟೆಯ ಹಾಲು ಮಾತ್ರ ನಿಂತಲ್ಲೇ ನಿಂತಿತು. ತಮಿಳುನಾಡಿನಲ್ಲಿ ಹೆರಿಗೆಗಳು ಹೆಚ್ಚುಕಡಿಮೆ ಎಲ್ಲವೂ, ನೂರಕ್ಕೆ 99.6, ಆಸ್ಪತ್ರೆಯಲ್ಲೇ. ಮೊದಲ ಗಂಟೆಯಲ್ಲಿ ಹಾಲು ಸಿಕ್ಕಿದ್ದು ನೂರಕ್ಕೆ ಸುಮಾರು 60ಕ್ಕೆ. ಮಿಕ್ಕವು ಬಾಗಿಲೊಳಗೇ ಇದ್ದವು, ಹಾಲು ಸಿಗಲಿಲ್ಲ.

ಯಾಕೆ? ಒಂದು ಕಾರಣ ಕಣ್ಣಿಗೆ ಹೊಡೆದು ಕಾಣುತ್ತದೆ. ಆ ಸಮೀಕ್ಷೆಯಲ್ಲಿ ತಮಿಳುನಾಡಿನ ಹೆರಿಗೆಗಳಲ್ಲಿ ನೂರಕ್ಕೆ ಸುಮಾರು 45 ಸಿಸೇರಿಯನ್. ಹೊಲಿಗೆ ಹಾಕಿಸಿಕೊಂಡು ಮಲಗಿದ ತಾಯಿಗೆ ಒಬ್ಬಳೇ ಮಗ್ಗುಲು ತಿರುಗಲಾಗದು. ಸೊಂಟಕ್ಕೆ ಮಾತ್ರ ಅರಿವಳಿಕೆ ಕೊಟ್ಟಿದ್ದರೆ ಎಚ್ಚರವಾಗಿಯೇ ಇರುತ್ತಾಳೆ, ಯಾರಾದರೂ ಮಗುವನ್ನು ತಂದು ಎದೆಯ ಮೇಲೆ ಹಿಡಿದರೆ ಸಾಕು, ಹಾಲು ಕೊಡಬಲ್ಲಳು. ಆ ಯಾರಾದರೂ ಎಂಬುವರು ಯಾರು? ರಾತ್ರಿ ಎರಡು ಗಂಟೆಗೆ ನಾಲ್ಕು ಹೆರಿಗೆ ನೋಡುವ ಒಬ್ಬಳೇ ನರ್ಸು. ಅವಳನ್ನು ದೂರಲು ನಮಗೆ ಮನಸ್ಸಾಗುವುದಿಲ್ಲ.

ಇನ್ನೊಂದು ಕಾರಣ ಯಾವ ಸಮೀಕ್ಷೆಯಲ್ಲೂ ಬರುವುದಿಲ್ಲ, ನಮ್ಮಂಥವರಿಗೆ ಕಾಣುತ್ತದೆ. ಭಾಷೆ. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಗಡಿಯ ಹಳ್ಳಿಯಿಂದ ಹೆರಿಗೆಗೆ ಒಂದು ಊರಿನ ಆಸ್ಪತ್ರೆಗೆ ಹೋದಳು. ಊರೂ ಆಸ್ಪತ್ರೆಯೂ ಇಲ್ಲಿ ಬೇಡ. ಅಂಗಡಿ ಬೀದಿಯ ತಮಿಳು ಅವಳಿಗೆ ಚೆನ್ನಾಗಿಯೇ ಬರುತ್ತದೆ. ಆದರೆ ಎದೆಯಲ್ಲಿ ನೋವು, ಹಾಲು ಕಟ್ಟಿದೆ, ಮಗು ಬಾಯಿ ತೆರೆಯುವುದಿಲ್ಲ ಎಂಬುದನ್ನೆಲ್ಲ ಅವಳಿಗೆ ಕನ್ನಡದಲ್ಲಿ ಹೇಳಿಯೇ ಅಭ್ಯಾಸ, ಅದೂ ಅಮ್ಮನ ಹತ್ತಿರ, ತಗ್ಗಿದ ದನಿಯಲ್ಲಿ. ಗೊತ್ತಿರುವ ತಮಿಳಿನಲ್ಲಿ ಒಂದೇ ವಾಕ್ಯ ಹೇಳಿದಳಂತೆ: ಹಾಲು ಬಂದಿಲ್ಲ. ಮರುಗಳಿಗೆ ಅತ್ತೆಯ ಕೈಗೆ ಡಬ್ಬಿಯ ಹೆಸರು ಬರೆದ ಚೀಟಿ ಬಂತು. ಐದು ನಿಮಿಷ ಪಕ್ಕದಲ್ಲಿ ಕುಳಿತು, ಮಗುವಿನ ಬಾಯಿ ಹೇಗೆ ಹಿಡಿಯಬೇಕು ಎಂದು ತೋರಿಸಿದ್ದರೆ ಆ ಚೀಟಿ ಬೇಕಾಗುತ್ತಿರಲಿಲ್ಲ. ಅವಳ ಮಗು ಚೆನ್ನಾಗಿದೆ, ಈಗ ನಮ್ಮ ಶಾಲೆಯಲ್ಲೇ ಒಂದನೇ ತರಗತಿ. ಅವಳಿಗೆ ಮಾತ್ರ ಆ ಚೀಟಿಯ ನೋವು ಇನ್ನೂ ಹೋಗಿಲ್ಲ.

ಎಡಪ್ಪಾಡಿಯಲ್ಲಿ ಮೂರನೆಯ ಕಾರಣವೂ ಇದೆ, ಅದು ಮನೆಗೆ ಬಂದ ಮೇಲಿನದು. ಮಗ್ಗ. 2017ರ ತಿದ್ದುಪಡಿಯಿಂದ ಕಾರ್ಖಾನೆ ಕಚೇರಿಯ ಹೆಂಗಸರಿಗೆ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳದ ರಜೆ ಉಂಟು. ಮನೆಯೊಳಗಿನ ಎರಡು ಪವರ್‌ಲೂಮಿಗೆ ಯಾವ ಕಾಯಿದೆ? ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿ ಹೆಸರಿನ ಹೆರಿಗೆ ಸಹಾಯಧನ ಬಡ ತಾಯಂದಿರಿಗೆ ಸಿಗುತ್ತದೆ, ಅದೊಂದು ದೊಡ್ಡ ಆಸರೆ. ಆದರೆ ನೂಲು ತುಂಡಾದರೆ ಎದ್ದು ಹೋಗಿ ಕಟ್ಟಬೇಕಾದವಳು ಅವಳೇ. ಆ ಸದ್ದಿನಲ್ಲಿ ಮಗು ಅತ್ತರೂ ಕೇಳದು. ನಾಮಕರಣದ ಮನೆಯ ಸೊಸೆ ತೊಟ್ಟಿಲನ್ನು ಮಗ್ಗದಿಂದ ಕಾಣುವ ಹಾಗೆ ಬಾಗಿಲಿನ ನೇರಕ್ಕೆ ಕಟ್ಟಿಸಿದ್ದಳು. ಅಳು ಕೇಳದಿದ್ದರೂ ಕಾಲು ಆಡಿಸುವುದು ಕಾಣುತ್ತದಲ್ಲ ಎಂದಳು.

ಆ ಮಗು ತಿಂಗಳು ತುಂಬುವ ಮೊದಲೇ ಹುಟ್ಟಿತ್ತು. ಸೇಲಂ ಆಸ್ಪತ್ರೆಯಲ್ಲಿ ಹಲವು ದಿನ ಇತ್ತು. ಮೊದಲು ನಳಿಕೆ, ಆಮೇಲೆ ಸ್ಟೀಲಿನ ಪಾಲಾಡೈ, ಆಮೇಲೆ ಎದೆ. ಸೊಸೆ ಪ್ರತಿದಿನ ಎರಡು ಮೂರು ಗಂಟೆಗೊಮ್ಮೆ ಹಾಲು ಹಿಂಡಿ ಕೊಡುತ್ತಿದ್ದಳಂತೆ. ಮೊದಲ ದಿನ ಬಂದದ್ದು ಒಳಲೆಯ ತಳ ಮುಚ್ಚುವಷ್ಟು, ಹಳದಿ. ಅಜ್ಜಿ ಚೆಲ್ಲು ಎಂದರಂತೆ, ನರ್ಸಮ್ಮ ಓಡಿಬಂದು ಕೈ ಹಿಡಿದರಂತೆ. ಇದನ್ನು ನಮಗೆ ಹೇಳಿದವರು ಅಜ್ಜಿಯೇ, ಬೆಳ್ಳಿಯ ಒಳಲೆಯನ್ನು ಸೆರಗಿನಲ್ಲಿ ಒರೆಸಿ ಮತ್ತೆ ದೇವರ ಗೂಡಿಗೆ ಇಡುತ್ತಾ.

ಮುಂದಿನ ಸೋಮವಾರ ಆ ಹುಡುಗಿಯನ್ನು ಕರೆದು ಇದನ್ನೆಲ್ಲ ಹೇಳಿದೆವು. ಕೇಳಿಸಿಕೊಂಡು ಅವಳು ಗೋಡೆಯ ಹಾಳೆಯ ಹತ್ತಿರ ಹೋದಳು. ನಾವು ಕನ್ನಡದಲ್ಲಿ "ಪ್ರಥಮ ಸ್ತನ್ಯ" ಎಂದು ಬರೆದಿದ್ದೆವು. "ಸರ್, ಇದು ನಮ್ಮ ಅಮ್ಮನಿಗೆ ಅರ್ಥವಾಗುವುದಿಲ್ಲ" ಎಂದಳು. ಅದನ್ನು ಹೊಡೆದುಹಾಕಿ ಮೇಲೆ ಗಿಣ್ಣು ಎಂದು ಬರೆದಳು.